ನಿಮ್ಮ ಊರಿಗೊಂದು ಇತಿಹಾಸ ಬಳಗ: ಶುರು ಮಾಡೋದು ಹೇಗೆ, ನಡೆಸೋದು ಹೇಗೆ

ಈ ಬರಹ ಇತಿಹಾಸದ ಮೇಷ್ಟ್ರುಗಳಿಗಲ್ಲ. ಊರಲ್ಲಿ ಹುಟ್ಟಿ ಬೆಳೆದು, ಕೆರೆ ಏರಿಯ ಮೇಲಿನ ಕೆತ್ತನೆ ಕಲ್ಲನ್ನು ದಿನಾ ನೋಡುತ್ತಾ, "ಇದೇನು ಅಂತ ಯಾರಾದರೂ ಬರೆದಿಡಬೇಕಿತ್ತು" ಅಂದುಕೊಳ್ಳುವವರಿಗೆ. ಆ ಯಾರಾದರೂ ನೀವೇ ಆಗಬಹುದು. ಅದಕ್ಕೆ ಪದವಿ ಬೇಡ, ದುಡ್ಡೂ ಜಾಸ್ತಿ ಬೇಡ. ತಾಳ್ಮೆ ಬೇಕು. ನೋಡಿದ್ದನ್ನು ನೋಡಿದ ಹಾಗೆ ಬರೆದಿಡುವ ಅಭ್ಯಾಸ ಬೇಕು.

ನಮ್ಮಲ್ಲಿ ಇದು ಹೊಸ ಕೆಲಸವೇನಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾಯಿತು. ಆಲೂರು ವೆಂಕಟರಾಯರು ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲ ಕಟ್ಟಿದ್ದು 1914ರಲ್ಲಿ. ದೊಡ್ಡ ಸಂಸ್ಥೆಗಳು ದೊಡ್ಡ ಕೆಲಸ ಮಾಡುತ್ತವೆ, ಆದರೆ ನಿಮ್ಮ ಊರಿನ ಹಿತ್ತಲಿನ ಕಲ್ಲನ್ನು ವರ್ಷಕ್ಕೊಮ್ಮೆ ಹೋಗಿ ಇದೆಯಾ ಇಲ್ಲವಾ ಅಂತ ನೋಡಿಕೊಂಡು ಬರುವುದು ಊರಿನವರಿಂದ ಮಾತ್ರ ಆಗುವ ಕೆಲಸ.

ಮೊದಲು ನಾಲ್ಕು ಜನ, ಒಂದು ನೋಟ್‌ಬುಕ್

ಬಹಳ ಕಡೆ ಕೆಲಸ ತಲೆಕೆಳಗಾಗಿ ಶುರುವಾಗುತ್ತದೆ. ಮೊದಲು ಹೆಸರು, ಆಮೇಲೆ ಲೋಗೋ, ಆಮೇಲೆ ಅಧ್ಯಕ್ಷರು ಯಾರು ಅನ್ನುವ ಚರ್ಚೆ, ಆಮೇಲೆ ಉದ್ಘಾಟನೆ, ಶಾಲು, ಹಾರ. ಅಷ್ಟರಲ್ಲಿ ಉತ್ಸಾಹ ಮುಗಿದಿರುತ್ತದೆ. ಅದೆಲ್ಲ ಸದ್ಯಕ್ಕೆ ಬಿಡಿ. ನಾಲ್ಕೈದು ಜನ ಸೇರಿದರೆ ಸಾಕು. ಅದರಲ್ಲಿ ಒಬ್ಬರಿಗೆ ಊರಿನ ಹೊಲಗದ್ದೆಯೆಲ್ಲ ಗೊತ್ತಿರಬೇಕು, ಒಬ್ಬರಿಗೆ ಮೊಬೈಲಿನಲ್ಲಿ ಚೆನ್ನಾಗಿ ಫೋಟೋ ತೆಗೆಯಲು ಬರಬೇಕು, ಒಬ್ಬರ ಕೈಬರಹ ಓದುವ ಹಾಗಿರಬೇಕು. ಹೆಂಗಸರು ಇರಲೇಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ಊರಿನ ಎಲ್ಲಾ ಕೇರಿಯಿಂದಲೂ ಜನ ಇದ್ದರೆ ಇನ್ನೂ ಒಳ್ಳೆಯದು. ಒಂದೇ ಬೀದಿಯವರು ಸೇರಿ ಬರೆದರೆ ಅದು ಆ ಬೀದಿಯ ಚರಿತ್ರೆ ಆಗುತ್ತದೆ ಅಷ್ಟೇ.

ತಿಂಗಳಿಗೆ ಒಂದು ಭಾನುವಾರ ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಏಳರಿಂದ ಹತ್ತು. ಬಿಸಿಲು ಏರುವ ಮುಂಚೆ ಮುಗಿಯಲಿ.

ಹುಡುಕುವ ಮುಂಚೆ ಓದಿ

ನಿಮ್ಮ ಊರಿನ ಶಾಸನವನ್ನು ನೂರು ವರ್ಷದ ಹಿಂದೆಯೇ ಯಾರೋ ಓದಿ ಅಚ್ಚು ಹಾಕಿಸಿರುವ ಸಾಧ್ಯತೆ ತುಂಬಾ ಇದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು ಹಳೇ ಮೈಸೂರು ಸೀಮೆ ಮತ್ತು ಕೊಡಗಿನ ಶಾಸನಗಳನ್ನು ಊರೂರಿನಿಂದ ಪ್ರತಿ ಮಾಡಿಸಿ "ಎಪಿಗ್ರಾಫಿಯಾ ಕರ್ನಾಟಿಕಾ" ಅಂತ 1886ರಿಂದ ಸಂಪುಟ ಸಂಪುಟವಾಗಿ ಹೊರತಂದರು. ಮೊದಲ ಹನ್ನೆರಡು ಸಂಪುಟಗಳಲ್ಲೇ ಸುಮಾರು 9,000 ಶಾಸನಗಳಿವೆ. ಹಳೆಯ ಮುದ್ರಣ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪರಿಷ್ಕರಿಸಿದ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತರುತ್ತಿದೆ, ಕಾಲೇಜು ಲೈಬ್ರರಿಗಳಲ್ಲಿ ಕೇಳಿ ನೋಡಿ.

ಹಳೆಯ ಸಂಪುಟದಲ್ಲಿ ಊರು ಹುಡುಕುವಾಗ ಒಂದು ತೊಡಕಿದೆ. ಅದು ಆಗಿನ ಜಿಲ್ಲೆಯ ಲೆಕ್ಕ. ಚಿಕ್ಕಮಗಳೂರಿನವರು ಆರನೇ ಸಂಪುಟದಲ್ಲಿ ಕಡೂರು ಜಿಲ್ಲೆ ಅಂತ ಹುಡುಕಬೇಕು. ಚಿಕ್ಕಬಳ್ಳಾಪುರದವರು ಹತ್ತನೆಯದರಲ್ಲಿ ಕೋಲಾರ ಅಂತ, ರಾಮನಗರ, ಚನ್ನಪಟ್ಟಣದವರು ಒಂಬತ್ತನೆಯದರಲ್ಲಿ ಬೆಂಗಳೂರು ಅಂತ, ಮಂಡ್ಯ ಮತ್ತು ಚಾಮರಾಜನಗರದವರು ಮೂರು, ನಾಲ್ಕನೇ ಸಂಪುಟದಲ್ಲಿ ಮೈಸೂರು ಅಂತ ನೋಡಬೇಕು. ಒಳಗೆ ತಾಲ್ಲೂಕಿನ ಪ್ರಕಾರ ನಂಬರ್ ಹಾಕಿರುತ್ತಾರೆ. ಆ ಸಂಪುಟ, ತಾಲ್ಲೂಕು, ನಂಬರ್ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಯಾವ ಸಂಶೋಧಕರ ಹತ್ತಿರ ಹೋದರೂ ಮೊದಲು ಕೇಳುವುದು ಅದನ್ನೇ. ಉತ್ತರ ಕರ್ನಾಟಕದವರಿಗೆ ಈ ಸಂಪುಟಗಳಲ್ಲಿ ಸಿಗುವುದು ಕಡಿಮೆ. ಅವರು "ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್" ಮತ್ತು ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಬೇಕು. ಕೈಫಿಯತ್ತುಗಳನ್ನೂ ಮರೆಯಬೇಡಿ. ಮೆಕೆಂಜಿ ಎಂಬ ಅಧಿಕಾರಿ ಟಿಪ್ಪು ಸತ್ತ ಮೇಲಿನ ವರ್ಷಗಳಲ್ಲಿ ಸರ್ವೆ ಮಾಡುತ್ತಾ ಊರಿನವರ ಬಾಯಿಂದ ಬರೆಸಿಕೊಂಡ ಕಥೆಗಳು ಅವು.

ಓದಿ ಆದ ಮೇಲೆ ಮೊದಲ ಕೆಲಸ ತಾನಾಗಿಯೇ ಸಿಗುತ್ತದೆ. ಪುಸ್ತಕದಲ್ಲಿ "ಊರ ಮುಂದಿನ ಈಶ್ವರ ಗುಡಿಯ ಎಡಕ್ಕೆ ನಿಂತ ಕಲ್ಲು" ಅಂತ ಇರುತ್ತದೆ. ಹೋಗಿ ನೋಡಿ, ಇದೆಯಾ? ಕೆಲವು ಇರುತ್ತವೆ. ಕೆಲವು ಅರ್ಧ ಹೂತು ಹೋಗಿರುತ್ತವೆ. ಕೆಲವು ಚರಂಡಿಗೆ ಚಪ್ಪಡಿ ಆಗಿರುತ್ತವೆ. "ಇಲ್ಲ" ಅನ್ನುವುದನ್ನೂ ತಾರೀಖು ಹಾಕಿ ಬರೆಯಿರಿ, ಅದೂ ದಾಖಲೆಯೇ.

ಹೊಲದ ಹೆಸರು ಕೇಳಿ

ತಾಲ್ಲೂಕು ಆಫೀಸಿನಿಂದ ಗ್ರಾಮ ನಕ್ಷೆ ತೆಗೆದುಕೊಳ್ಳಿ, ಭೂದಾಖಲೆ ಇಲಾಖೆಯ ವೆಬ್‌ಸೈಟಿನಲ್ಲೂ ಸಿಗುತ್ತದೆ. ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ಗೊತ್ತಾಗುತ್ತದೆ. ಆದರೆ ನಂಬರಿಗಿಂತ ಹೆಸರು ಮುಖ್ಯ. ಬಸದಿ ಗದ್ದೆ, ಕೋಟೆ ಹೊಲ, ಆನೆ ಕಟ್ಟೆ, ಮಾಸ್ತಿ ತಿಟ್ಟು, ಹಳೇ ಊರು ದಿಬ್ಬ ಅಂತ ರೈತರು ಕರೆಯುತ್ತಾರಲ್ಲ, ಆ ಒಂದೊಂದು ಹೆಸರಿನ ಹಿಂದೆಯೂ ಏನೋ ಇದ್ದಿರಬಹುದು. ಈಗ ಒಂದೂ ಜೈನ ಮನೆ ಇಲ್ಲದ ಊರಿನಲ್ಲಿ ಬಸದಿ ಗದ್ದೆ ಯಾಕಿದೆ? ಕೇಳಬೇಕಾದ ಪ್ರಶ್ನೆ ಅದು. ಹಾಗೇ ಬೇಚರಾಕ್ ಗ್ರಾಮಗಳನ್ನು ನೋಡಿ. ಕಂದಾಯ ಲೆಕ್ಕದಲ್ಲಿ ಊರು ಇದೆ, ಅಲ್ಲಿ ಮನುಷ್ಯರಿಲ್ಲ. ಅಲ್ಲಿದ್ದವರು ಪ್ಲೇಗಿಗೆ ಹೆದರಿ ಎದ್ದು ಹೋದರಾ, ನೀರಿಗಾಗಿ ಹೋದರಾ, ಪಕ್ಕದ ಊರಿನ ಯಾವ ಮನೆತನ ಅಲ್ಲಿಂದ ಬಂದದ್ದು? ಇದನ್ನು ಹೇಳುವವರು ಇನ್ನು ಹತ್ತು ವರ್ಷ ಇರುತ್ತಾರೆ ಅನ್ನುವ ಖಾತ್ರಿ ಇಲ್ಲ. ಆದ್ದರಿಂದ ಕಲ್ಲಿಗಿಂತ ಮೊದಲು ಹಿರಿಯರ ಹತ್ತಿರ ಹೋಗಿ.

ಅಜ್ಜಿ ತಾತಂದಿರ ಮಾತು ರೆಕಾರ್ಡ್ ಮಾಡುವುದು

ಬಳಗದಲ್ಲಿ ಹೆಂಗಸರು ಬೇಕು ಅಂದಿದ್ದು ಇದಕ್ಕೇ. ಗಂಡಸರು ಹೋಗಿ ಕೂತರೆ ಮನೆಯ ಯಜಮಾನರೇ ಮಾತಾಡುತ್ತಾರೆ, ಅಜ್ಜಿ ಬಾಗಿಲ ಹಿಂದೆ ನಿಂತಿರುತ್ತಾರೆ. ಅಜ್ಜಿಗೆ ಗೊತ್ತಿರುವುದು ಬೇರೆಯೇ. ಬೀಸುವ ಪದ, ಸೋಬಾನೆ, ಹೆರಿಗೆ ಮಾಡಿಸುತ್ತಿದ್ದವರು ಯಾರು, ಬರಗಾಲದಲ್ಲಿ ಏನು ತಿಂದರು, ಯಾವ ಬಾವಿಯಲ್ಲಿ ಯಾರಿಗೆ ನೀರು ಸೇದಲು ಬಿಡುತ್ತಿರಲಿಲ್ಲ. ಕೊನೆಯದನ್ನು ಕೇಳಲು ಹಿಂಜರಿಯಬೇಡಿ. ಅದೂ ನಮ್ಮ ಊರಿನದೇ ಚರಿತ್ರೆ, ಬಿಟ್ಟು ಬರೆದರೆ ಸುಳ್ಳು ಬರೆದ ಹಾಗೆ.

"ಅದು ಯಾವ ಇಸವಿ ತಾತ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಬಂದರೂ ನಂಬುವ ಹಾಗಿರುವುದಿಲ್ಲ. ಅವರಿಗೆ ನೆನಪಿರುವ ಗುರುತಿನಿಂದ ಕೇಳಿ. ಗಾಂಧಿ ತೀರಿಕೊಂಡಾಗ ನೀವು ಎಷ್ಟು ಎತ್ತರ ಇದ್ದಿರಿ? ಅದು 1948. ಆಣೆ ಹೋಗಿ ನಯಾಪೈಸೆ ಬಂದಿತ್ತಾ? 1957. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿತ್ತಾ? 1973. ನಿಮ್ಮ ದೊಡ್ಡ ಮಗ ಹುಟ್ಟಿದ್ದು ಅದಕ್ಕೆ ಮುಂಚೆಯೋ ಆಮೇಲೋ? ಹೀಗೆ ಆ ಕಡೆ ಈ ಕಡೆ ಗೂಟ ನೆಟ್ಟರೆ ಮಧ್ಯದ ಸಂಗತಿ ಎರಡು ಮೂರು ವರ್ಷದ ಅಂತರದೊಳಗೆ ಬಂದು ಕೂರುತ್ತದೆ.

ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ಆ ಒಪ್ಪಿಗೆಯೂ ರೆಕಾರ್ಡಿನಲ್ಲೇ ಇರಲಿ. ಶುರುವಿಗೆ ನೀವೇ ತಾರೀಖು, ಊರು, ಮಾತಾಡುವವರ ಹೆಸರು, ವಯಸ್ಸು ಹೇಳಿ. ಫ್ಯಾನ್ ಆಫ್ ಮಾಡಿಸಿ, ಟಿವಿ ಆಫ್ ಮಾಡಿಸಿ. ಮೊಬೈಲ್ ಏರೋಪ್ಲೇನ್ ಮೋಡಿನಲ್ಲಿರಲಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ಮಧ್ಯೆಯೇ ಕರೆ ಬರುತ್ತದೆ. ಒಂದು ಗಂಟೆ ಸಾಕು, ಹಿರಿಯರಿಗೆ ದಣಿವಾಗುತ್ತದೆ. ಮಾತು ತಪ್ಪಾಯಿತು ಅನಿಸಿದರೆ ತಿದ್ದಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಕೆಲವರು ಮಾತು ಮುಗಿದ ಮೇಲೆ "ಇದನ್ನ ಹಾಕಬೇಡಪ್ಪ" ಅನ್ನುತ್ತಾರೆ. ಹಾಕಬೇಡಿ.

ಮನೆಯಲ್ಲಿ ಹಳೆಯ ಪತ್ರ, ಬಹಿ, ಫೋಟೋ ತೋರಿಸಿದರೆ ಅಲ್ಲೇ ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದು ಅಲ್ಲೇ ವಾಪಸ್ ಕೊಡಿ. "ತೆಗೆದುಕೊಂಡು ಹೋಗಿ ಸ್ಕ್ಯಾನ್ ಮಾಡಿ ಕೊಡ್ತೀನಿ" ಅನ್ನಬೇಡಿ. ಹರಿದಿದ್ದರೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಿ ಅಂತ ಸಲಹೆ ಕೊಡಬೇಡಿ. ಎರಡೂ ಕಾಗದವನ್ನು ಹಾಳು ಮಾಡುತ್ತವೆ. ಫೋಟೋದ ಹಿಂದೆ ಪೆನ್ನಿನಿಂದ ಬರೆಯಬಾರದು, ಮೆತ್ತಗಿನ ಪೆನ್ಸಿಲ್ಲಿನಲ್ಲಿ ಹೆಸರು ಬರೆಯಬಹುದು.

ಕಲ್ಲಿನ ಹತ್ತಿರ

ಈಗ ಕಲ್ಲು. ಊರಿನಲ್ಲಿ ಹೆಚ್ಚಾಗಿ ಸಿಗುವುದು ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಹಸುಗಳಿದ್ದರೆ ದನ ಕದಿಯಲು ಬಂದವರ ಜತೆ ಹೋರಾಡಿ ಸತ್ತವನು, ತುರುಗೊಳ್ ಅನ್ನುತ್ತಾರಲ್ಲ ಅದು. ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಸತ್ತವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನ ಎರಡೂ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಮೇಲೆ ಸೂರ್ಯ ಚಂದ್ರ. ಅಕ್ಷರ ಇದ್ದರೆ ಪಟ್ಟಿಗಳ ಮಧ್ಯದ ಅಂಚಿನಲ್ಲಿ ಇರುತ್ತದೆ, ಅಲ್ಲಿ ಪಾಚಿ ಕಟ್ಟಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಕಂಬದಿಂದ ಹೊರಚಾಚಿದ ಒಂದು ಕೈ, ಬಳೆ ತೊಟ್ಟು ಮೊಣಕೈ ಮಡಚಿ ಮೇಲೆತ್ತಿದ್ದು ಕಂಡರೆ ಮಾಸ್ತಿಕಲ್ಲು, ಅಂದರೆ ಗಂಡನ ಜತೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಕತ್ತೆ ಹಂದಿ ಚಿತ್ರ ಇದ್ದರೆ ದಾನ ಕೆಡಿಸಿದವರಿಗೆ ಶಾಪ. ಬರೀ ಲಿಂಗ ಅಥವಾ ವಾಮನನ ಚಿತ್ರ ಇದ್ದು ಹೊಲದ ಮೂಲೆಯಲ್ಲಿದ್ದರೆ ಅದು ದೇವರ ಭೂಮಿಯ ಎಲ್ಲೆ ಕಲ್ಲು ಇರಬಹುದು.

ಅಕ್ಷರ ಕಾಣಿಸಲು ಕೆಲವರು ಸುಣ್ಣ ಬಳಿಯುತ್ತಾರೆ, ಪೇಂಟಿನಿಂದ ಅಕ್ಷರ ತುಂಬುತ್ತಾರೆ, ತಂತಿ ಬ್ರಷ್ಷಿನಿಂದ ಉಜ್ಜುತ್ತಾರೆ, ಆಸಿಡ್ ಕೂಡ ಹಾಕುತ್ತಾರೆ. ಯಾವುದನ್ನೂ ಮಾಡಬೇಡಿ. ಸಾವಿರ ವರ್ಷ ಮಳೆ ಬಿಸಿಲು ತಡೆದ ಅಕ್ಷರ ಒಂದೇ ಬೆಳಿಗ್ಗೆ ಹೋಗಿಬಿಡುತ್ತದೆ. ಬರೀ ನೀರು, ಮೆತ್ತಗಿನ ತೆಂಗಿನ ನಾರು ಅಥವಾ ಹಳೇ ಟೂತ್ ಬ್ರಷ್, ಅಷ್ಟೇ. ಕತ್ತಲಾದ ಮೇಲೆ ಹೋಗಿ ಒಂದು ಟಾರ್ಚನ್ನು ಕಲ್ಲಿಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಎದುರಿನಿಂದಲ್ಲ, ಪಕ್ಕದಿಂದ. ಹಗಲಲ್ಲಿ ನುಣ್ಣಗೆ ಕಂಡ ಕಲ್ಲಿನ ಮೇಲೆ ಸಾಲು ಸಾಲು ಅಕ್ಷರ ಎದ್ದು ನಿಲ್ಲುತ್ತವೆ. ಟಾರ್ಚನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸರಿಸುತ್ತಾ ಒಂದೊಂದು ಕಡೆಯಿಂದಲೂ ಫೋಟೋ ತೆಗೆಯಿರಿ. ಮೊದಲ ಸಲ ಇದನ್ನು ನೋಡಿದ ಹುಡುಗರ ಮುಖ ನೋಡಬೇಕು, ಆಮೇಲೆ ಅವರನ್ನು ಬಳಗದಿಂದ ಬಿಡಿಸಲು ಆಗುವುದಿಲ್ಲ.

ಒಂದೊಂದು ಕಲ್ಲಿಗೂ ಒಂದು ಕಾರ್ಡು ಮಾಡಿ. ಊರು, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ಜಿಪಿಎಸ್ ಗುರುತು. ಕಲ್ಲಿನ ಎತ್ತರ, ಅಗಲ, ದಪ್ಪ, ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಹೂತಿದೆ. ಪೂಜೆ ಇದೆಯಾ, ಜನ ಅದನ್ನು ಏನಂತ ಕರೆಯುತ್ತಾರೆ. ಯಾರು ತೋರಿಸಿದರು, ಯಾವ ದಿನ ನೋಡಿದಿರಿ, ಫೋಟೋ ನಂಬರ್ ಎಷ್ಟು. ಇದರ ಜತೆಗೆ ಎರಡು ಖಾನೆ ಬೇರೆ ಬೇರೆ ಇರಲಿ: "ಕಲ್ಲು ಹೇಳುವುದು", "ಜನ ಹೇಳುವುದು". ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದ ಗುಡಿ, ಪಾಂಡವರು ಅಡುಗೆ ಮಾಡಿದ ಬಂಡೆ, ಇವೆಲ್ಲ ಎರಡನೇ ಖಾನೆಗೆ. ಕಥೆ ಸುಳ್ಳು ಅಂತ ಊರಿನವರ ಜತೆ ಜಗಳಕ್ಕೆ ಹೋಗಬೇಡಿ, ಕಥೆಯನ್ನು ತಂದು ಶಾಸನದ ಜತೆ ಬೆರೆಸಲೂಬೇಡಿ. ಎರಡೂ ಉಳಿಯಬೇಕು, ಬೇರೆ ಬೇರೆಯಾಗಿ.

ಕಾಲ ಹೇಳುವಾಗ ಶಕವರ್ಷ ಇದ್ದರೆ 78 ಕೂಡಿ. ಶಕ 1059 ಅಂದರೆ ಹತ್ತಿರ ಹತ್ತಿರ ಕ್ರಿ.ಶ. 1137. ಬರೀ ಸಂವತ್ಸರದ ಹೆಸರಿದ್ದರೆ ನೀವೇ ಊಹಿಸಬೇಡಿ, ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಅಂಥ ಫೋಟೋಗಳನ್ನು ಹತ್ತಿರದ ವಿಶ್ವವಿದ್ಯಾಲಯದ ಶಾಸನಶಾಸ್ತ್ರ ಗೊತ್ತಿರುವವರಿಗೆ ಕಳಿಸಿ. ಕಾಗದ ಒದ್ದೆ ಮಾಡಿ ಕಲ್ಲಿಗೆ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು ಕಲಿತವರ ಕೆಲಸ, ಅವರ ಕೈಯಲ್ಲೇ ಮಾಡಿಸಿ. ಪತ್ರಿಕೆಗೆ "ಹೊಸ ಶಾಸನ ಪತ್ತೆ" ಅಂತ ಕಳಿಸುವ ಮುಂಚೆ ಹಳೆಯ ಸಂಪುಟಗಳನ್ನು ಇನ್ನೊಮ್ಮೆ ನೋಡಿ.

ಉಳಿಸುವುದು, ಅದೂ ಇದ್ದ ಜಾಗದಲ್ಲಿ

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ವೇಳೆ ಕಿತ್ತಯ್ಯ ಎಂಬ ವೀರನ ಕಲ್ಲು ಹೊರಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಆಸಕ್ತರು ಅದನ್ನು ಗುರುತಿಸಿದರು, ಓದಿಸಿದರು, ಅಲ್ಲಿನವರ ಜತೆ ಸೇರಿ ಅಲ್ಲೇ ಒಂದು ಮಂಟಪ ಆಗುವ ಹಾಗೆ ಮಾಡಿದರು. ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ ಕಲ್ಲು "ಬೆಂಗಳೂರಿನ ಕಾಳಗ"ವನ್ನು ಹೇಳುತ್ತದೆ, ಅದು ಸುಮಾರು 890ರದ್ದು. ಕೆಂಪೇಗೌಡರು ಪೇಟೆ ಕಟ್ಟುವುದಕ್ಕೆ ಆರು ನೂರು ವರ್ಷ ಮುಂಚೆಯೇ ಬೆಂಗಳೂರು ಅನ್ನುವ ಹೆಸರು ಇತ್ತು ಅನ್ನುವುದಕ್ಕೆ ಆ ಒಂದು ಕಲ್ಲು ಸಾಕ್ಷಿ. ಕಲ್ಲು ಎಲ್ಲಿ ನಿಂತಿದೆ ಅನ್ನುವುದೂ ಅದು ಹೇಳುವ ಮಾತಿನ ಒಂದು ಭಾಗ. ಕೆರೆ ಕಟ್ಟಿಸಿದ ಶಾಸನ ಕೆರೆಯ ಹತ್ತಿರವೇ ಇರಬೇಕು. ರಸ್ತೆ ಕೆಲಸ ಬಂದು ಸರಿಸಲೇಬೇಕಾದರೆ ಮೊದಲು ಇದ್ದ ಜಾಗದ ಫೋಟೋ, ಅಳತೆ, ಜಿಪಿಎಸ್ ತೆಗೆದುಕೊಂಡು, ಪಂಚಾಯಿತಿ ಪಿಡಿಒಗೆ, ತಹಶೀಲ್ದಾರರಿಗೆ ಮತ್ತು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೆ ಬರೆದು ತಿಳಿಸಿ. ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ದೊಡ್ಡ ಶತ್ರು ಜೆಸಿಬಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡ ಹಾಗೆ ನಿಧಿ ಆಸೆ ಅದಕ್ಕಿಂತ ಕೆಟ್ಟದ್ದು. ಅರ್ಥವಾಗದ ಅಕ್ಷರ ಅಂದರೆ ನಿಧಿಯ ಗುಟ್ಟು ಅಂತ ನಂಬಿ ಅಮಾವಾಸ್ಯೆ ರಾತ್ರಿ ಬಂದು ಕಲ್ಲು ಒಡೆಯುತ್ತಾರೆ, ನಂದಿಯ ಹೊಟ್ಟೆ ಸೀಳುತ್ತಾರೆ. ಇದಕ್ಕೆ ಬೇಲಿಗಿಂತ ಒಳ್ಳೆಯ ಮದ್ದು ಆ ಶಾಸನದಲ್ಲಿ ಏನಿದೆ ಅಂತ ಊರಿಗೆ ಓದಿ ಹೇಳುವುದು. "ಇಲ್ಲಿ ಬರೆದಿರುವುದು ಕೆರೆಯ ಕೆಳಗಿನ ಗದ್ದೆಯನ್ನು ದೇವರಿಗೆ ಬಿಟ್ಟ ಲೆಕ್ಕ" ಅಂತ ತಿಳಿದ ಮೇಲೆ ಅಗೆಯುವವನಿಗೂ ಆಸೆ ಇಳಿಯುತ್ತದೆ, ಊರಿನವರಿಗೂ ಅದು ನಮ್ಮದು ಅನಿಸುತ್ತದೆ. ಕಲ್ಲಿನ ಪಕ್ಕ ಒಂದು ಚಿಕ್ಕ ಫಲಕ ಹಾಕಿ, ಸರಳ ಕನ್ನಡದಲ್ಲಿ ನಾಲ್ಕು ಸಾಲು. ಫಲಕವನ್ನು ಕಲ್ಲಿಗೇ ಮೊಳೆ ಹೊಡೆದು ಹಾಕಬೇಡಿ.

ಬಿಡಿ ವಿಗ್ರಹ, ಎತ್ತಿಕೊಂಡು ಹೋಗಬಹುದಾದ ಶಿಲ್ಪ ಇದ್ದರೆ ಅದರ ಜಾಗವನ್ನು ಫೇಸ್‌ಬುಕ್‌ನಲ್ಲಿ ಹಾಕಲೇಬೇಡಿ. ಮನೆಗೂ ತರಬೇಡಿ. ನೂರು ವರ್ಷ ಮೀರಿದ ಶಿಲ್ಪಗಳು 1972ರ ಪುರಾವಸ್ತು ಕಾಯಿದೆಗೆ ಒಳಪಡುತ್ತವೆ, ಒಳ್ಳೆಯ ಉದ್ದೇಶದಿಂದ ತಂದಿಟ್ಟುಕೊಂಡರೂ ತೊಂದರೆ. ಅಗೆಯುವುದಂತೂ ಬೇಡವೇ ಬೇಡ. ಹೊಲ ಉಳುವಾಗ ನಾಣ್ಯ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವುದನ್ನು ರೈತರಿಗೆ ಹೇಳಿ. ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕ ಊರಿನಲ್ಲಿದ್ದರೆ ಅದರ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್ ಒಳಗೆ ಅನುಮತಿ ಬೇಕು. ಇದನ್ನು ಅಕ್ಕಪಕ್ಕದ ಮನೆಯವರಿಗೆ ಮೊದಲೇ ತಿಳಿಸಿದರೆ ಆಮೇಲಿನ ಮನಸ್ತಾಪ ತಪ್ಪುತ್ತದೆ.

ಊರಿಗೆ ತೋರಿಸಿ

ಆರು ತಿಂಗಳ ಕೆಲಸ ಆದ ಮೇಲೆ ಒಂದು ಊರ ನಡಿಗೆ ಇಟ್ಟುಕೊಳ್ಳಿ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ ಅಥವಾ ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹ ಒಳ್ಳೆಯ ನೆಪ, ಆದರೆ ನವೆಂಬರಿನಲ್ಲಿ ಬಿಸಿಲು ಕಡಿಮೆ. ಎರಡು ಕಿಲೋಮೀಟರ್ ಮೀರದಿರಲಿ, ಐದಾರು ಜಾಗ ಸಾಕು. ಒಂದೊಂದು ಜಾಗದಲ್ಲೂ ಬೇರೆ ಬೇರೆಯವರು ಮಾತಾಡಲಿ. ಕೆರೆ ತೂಬಿನ ಬಗ್ಗೆ ನೀರುಗಂಟಿಯ ಮನೆಯವರು, ಗುಡಿಯ ಬಗ್ಗೆ ಪೂಜಾರಿಗಳು, ದರ್ಗಾದ ಉರುಸಿನ ಬಗ್ಗೆ ಅಲ್ಲಿ ನೋಡಿಕೊಳ್ಳುವವರು, ವೀರಗಲ್ಲಿನ ಬಗ್ಗೆ ಎಂಟನೇ ಕ್ಲಾಸಿನ ಹುಡುಗಿ. ಶಾಲೆಯ ಮಕ್ಕಳಿಗೆ ಒಂದು ಕೆಲಸ ಕೊಡಿ: ಮನೆಯ ಹಿರಿಯರಿಂದ ಒಂದು ಹಳೇ ವಸ್ತುವಿನ ಕಥೆ ಕೇಳಿ ಒಂದು ಪುಟ ಬರೆದುಕೊಂಡು ಬರುವುದು. ಸೇರು, ಪಾವು, ಕೊಳಗ, ರಾಗಿ ಕಲ್ಲು, ಮಗ್ಗದ ಲಾಳಿ, ಎಲ್ಲಾ ಹೊರಗೆ ಬರುತ್ತವೆ. ಒಂದು ದಿನ ಶಾಲೆಯ ಜಗುಲಿಯಲ್ಲಿ ಚೀಟಿ ಅಂಟಿಸಿದ ಹಲಗೆಗಳ ಮೇಲೆ ಇಟ್ಟು ತೋರಿಸಿ, ಸಂಜೆ ಅವರವರ ಮನೆಗೆ ವಾಪಸ್. ಮ್ಯೂಸಿಯಂ ಮಾಡುವ ಆಸೆ ಬೇಗ ಬರುತ್ತದೆ. ಜಾಗ, ಬೀಗ, ನೋಡಿಕೊಳ್ಳುವ ಜನ ಮೂರೂ ಇಲ್ಲದೆ ಮಾಡಬೇಡಿ, ಇನ್ನೊಬ್ಬರ ಮನೆಯ ವಸ್ತು ಕಳೆದರೆ ಊರಿನ ನಂಬಿಕೆಯೂ ಹೋಗುತ್ತದೆ.

ನೋಂದಣಿ ಯಾವಾಗ

ಬ್ಯಾಂಕ್ ಖಾತೆ ಬೇಕಾದಾಗ, ಇಲಾಖೆಗಳ ಜತೆ ಪತ್ರ ವ್ಯವಹಾರ ಜಾಸ್ತಿ ಆದಾಗ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು, ಉದ್ದೇಶ ಪತ್ರ ಮತ್ತು ಬೈಲಾ ಬೇಕು, ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗಳ ಹತ್ತಿರ ಆಗುತ್ತದೆ. ಆಮೇಲೆ ವರ್ಷಾ ವರ್ಷಾ ಸಭೆ, ಲೆಕ್ಕಪತ್ರ ಸಲ್ಲಿಸುವುದು ತಪ್ಪಬಾರದು. ಬೈಲಾದಲ್ಲಿ ಒಂದು ಮಾತು ಸೇರಿಸಿ, ಸಂಘ ಮುಚ್ಚಿದರೆ ದಾಖಲೆಗಳು ಯಾವ ಲೈಬ್ರರಿಗೆ ಅಥವಾ ಕಾಲೇಜಿಗೆ ಹೋಗಬೇಕು ಅಂತ.

ದಾಖಲೆಯ ಪ್ರತಿ ಮೂರು ಕಡೆ ಇರಲಿ

ಎಷ್ಟೋ ಜನರ ಜೀವಮಾನದ ಕೆಲಸ ಅವರು ತೀರಿಕೊಂಡ ಮೇಲೆ ರದ್ದಿಗೆ ಹೋಗಿದೆ, ಅಥವಾ ಕೆಟ್ಟುಹೋದ ಒಂದು ಫೋನಿನಲ್ಲಿ ಮುಗಿದಿದೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಫೋಟೋ ದಾಖಲೆ ಅಲ್ಲ, ಅಲ್ಲಿ ಚಿತ್ರ ಕುಗ್ಗಿಹೋಗುತ್ತದೆ, ಆರು ತಿಂಗಳಾದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಮೂಲ ಫೋಟೋಗಳನ್ನು ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಗೂಗಲ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡಿ. ಫೈಲಿಗೆ ಊರು, ಜಾಗ, ತಾರೀಖು ಸೇರಿಸಿ ಹೆಸರಿಡಿ. ಮೂರನೆಯದು ಕಾಗದದಲ್ಲಿ. ಕಾರ್ಡುಗಳನ್ನೆಲ್ಲ ವರ್ಷಕ್ಕೊಮ್ಮೆ ಪ್ರಿಂಟ್ ತೆಗೆದು ಬೈಂಡ್ ಮಾಡಿಸಿ ಊರಿನ ಶಾಲೆಗೆ ಒಂದು, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಂದು, ತಾಲ್ಲೂಕಿನ ಕಾಲೇಜಿಗೆ ಒಂದು ಕೊಡಿ. ಸ್ಥಿರವಾಗಿ ನಿಂತ ಕಲ್ಲು, ಗುಡಿ, ಕೆರೆಗಳ ಫೋಟೋಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಗಟ್ಟಿಯಾಗಿ ಏನಾದರೂ ಸಿಕ್ಕಿದ್ದರೆ ಕರ್ನಾಟಕ ಇತಿಹಾಸ ಅಕಾದೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರಬಂಧ ಓದಲು ಪ್ರಯತ್ನಿಸಿ. ಕೆಲಸ ಮಾಡುವ ಬೇರೆ ಊರಿನವರ ಪರಿಚಯ ಆಗುವುದು ಅಂಥ ಕಡೆಯೇ.

ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ, ಅಂದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹೊಲ ಓಡಾಡಲು ಸರಿಯಾದ ಕಾಲ. ಮಳೆಗಾಲದಲ್ಲಿ ಸಂಪುಟ ಓದಿ, ಹಿರಿಯರ ಮನೆಗೆ ಹೋಗಿ. ಈ ಭಾನುವಾರಕ್ಕೆ ಇಷ್ಟು ಸಾಕು: ನಿಮ್ಮ ಊರಿನ ಹೆಸರು ಯಾವ ಸಂಪುಟದಲ್ಲಿದೆ ಅಂತ ನೋಡಿ, ಊರಿನಲ್ಲಿ ಎಂಬತ್ತು ದಾಟಿದವರ ಹೆಸರುಗಳ ಒಂದು ಪಟ್ಟಿ ಮಾಡಿ.